ಸದ್ದು ಮಾಡದ ಸಣ್ಣ ಮೋಟಾರಿನ ಶಾಫ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಸಣ್ಣ ವಿದ್ಯುತ್ ಮೋಟಾರುಗಳ ರೋಟರನ್ನು (ತಿರುಗುವ ಭಾಗವನ್ನು) ಹೊತ್ತ ಶಾಫ್ಟಿನ ವಿನ್ಯಾಸ ಮತ್ತು ತಯಾರಿಕೆಯ ಬಗ್ಗೆ ಬಂದಿರುವ ಪತ್ರಗಳನ್ನು ಒಟ್ಟುಗೂಡಿಸಿ ಈ ಬಾರಿ ಉತ್ತರಿಸಲಾಗಿದೆ. ಲೆಕ್ಕ ಬರುವ ಕಡೆಗಳಲ್ಲಿ ಒಂದೇ ಮೋಟಾರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: ಅದರ ಸಾಮರ್ಥ್ಯ 50 ವ್ಯಾಟ್, ವೇಗ ನಿಮಿಷಕ್ಕೆ 3000 ಸುತ್ತು, ರೋಟರಿನ ತೂಕ 200 ಗ್ರಾಂ, ಎರಡು ಬೇರಿಂಗ್‌ಗಳ ನಡುವಿನ ಅಂತರ 60 ಮಿ.ಮೀ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ. ಟಾರ್ಕ್ ಸೂತ್ರದಿಂದ ಲೆಕ್ಕ ಹಾಕಿದರೆ ಇಂಥ ಮೋಟಾರಿಗೆ 3 ಮಿ.ಮೀ. ಶಾಫ್ಟ್ ಸಾಕು ಎಂದು ಬರುತ್ತದೆ. ಆದರೆ ಬಿಚ್ಚಿ ನೋಡಿದ ಮೋಟಾರುಗಳಲ್ಲಿ 6 ಅಥವಾ 8 ಮಿ.ಮೀ. ಶಾಫ್ಟ್ ಇರುತ್ತದೆ. ಇದು ಉಕ್ಕನ್ನು ವ್ಯರ್ಥ ಮಾಡಿದಂತಲ್ಲವೇ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ, ಆದರೆ ಲೆಕ್ಕಕ್ಕೆ ಕೇಳಿದ ಪ್ರಶ್ನೆ ಬೇರೆಯಾಗಬೇಕಿತ್ತು. 3000 ಸುತ್ತಿನಲ್ಲಿ 50 ವ್ಯಾಟ್ ಎಂದರೆ ಟಾರ್ಕ್ ಸುಮಾರು 0.16 ನ್ಯೂಟನ್-ಮೀಟರ್ ಮಾತ್ರ. 6 ಮಿ.ಮೀ. ಶಾಫ್ಟಿನಲ್ಲಿ ಅದು ಉಂಟುಮಾಡುವ ತಿರುಚು ಒತ್ತಡ 4 ಮೆಗಾಪಾಸ್ಕಲ್‌ಗಿಂತ ಕಡಿಮೆ. ಸಾಧಾರಣ ಉಕ್ಕಿಗೆ ಅದು ಗಣನೆಗೇ ಬಾರದ ಹೊರೆ. 40 ಮೆಗಾಪಾಸ್ಕಲ್‌ವರೆಗೆ ಹೋಗಬಹುದೆಂದು ಒಪ್ಪಿಕೊಂಡರೆ 2.7 ಮಿ.ಮೀ. ವ್ಯಾಸವೇ ಸಾಕಾಗುತ್ತದೆ. ಸಣ್ಣ ಮೋಟಾರಿನಲ್ಲಿ ಶಾಫ್ಟ್ ಮುರಿಯುವ ಭಯ ಬಹಳ ಕಡಿಮೆ. ಅದು ಎಷ್ಟು ಬಾಗುತ್ತದೆ ಎಂಬುದೇ ಇಲ್ಲಿ ವ್ಯಾಸವನ್ನು ನಿರ್ಧರಿಸುವ ಅಂಶ.

ಎರಡು ಬೇರಿಂಗ್‌ಗಳ ಮೇಲೆ ಕುಳಿತ ಶಾಫ್ಟಿನ ಬಾಗು, ಬೇರಿಂಗ್ ಅಂತರದ ಘನಕ್ಕೆ ನೇರ ಅನುಪಾತದಲ್ಲಿಯೂ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ನಮ್ಮ ಉದಾಹರಣೆಯಲ್ಲಿ 6 ಮಿ.ಮೀ. ಶಾಫ್ಟ್ ರೋಟರಿನ ಭಾರಕ್ಕೆ ಸುಮಾರು 0.7 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಬಾಗಿದರೆ, 3 ಮಿ.ಮೀ. ಶಾಫ್ಟ್ ಅದರ 16 ಪಟ್ಟು, ಅಂದರೆ ಸುಮಾರು 11 ಮೈಕ್ರಾನ್ ಬಾಗುತ್ತದೆ. 11 ಮೈಕ್ರಾನ್ ಎಂಬುದು ಅಲ್ಪವೆಂದು ತೋರಬಹುದು. ಆದರೆ ರೋಟರ್ ಮತ್ತು ಅದರ ಸುತ್ತಲಿನ ಸ್ಥಿರ ಭಾಗವಾದ ಸ್ಟೇಟರ್ ನಡುವಿನ ಏರ್‌ಗ್ಯಾಪ್ ಇಂಥ ಮೋಟಾರುಗಳಲ್ಲಿ 0.3 ಮಿ.ಮೀ. ಆಸುಪಾಸಿನಲ್ಲಿರುವುದುಂಟು, ರೋಟರ್ ಒಂದು ಬದಿಗೆ ಸ್ವಲ್ಪ ಸರಿದರೂ ಆ ಬದಿಯ ಗ್ಯಾಪ್ ಕಿರಿದಾಗಿ, ಅಲ್ಲಿನ ಕಾಂತೀಯ ಸೆಳೆತ ಹೆಚ್ಚಿ, ಶಾಫ್ಟ್ ಇನ್ನಷ್ಟು ಅದೇ ಬದಿಗೆ ಬಾಗುತ್ತದೆ. ಹೀಗೆ ಕಾಂತೀಯ ಸೆಳೆತವು ಶಾಫ್ಟಿನ ಬಿಗಿತವನ್ನು ಒಳಗಿನಿಂದಲೇ ಕಳೆಯುತ್ತಾ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದುದು ಕ್ರಿಟಿಕಲ್ ವೇಗ, ಅಂದರೆ ಶಾಫ್ಟ್ ತನ್ನ ಸಹಜ ಕಂಪನದಲ್ಲಿ ಅನುರಣಿಸುವ ವೇಗ. ಸ್ವಂತ ಭಾರಕ್ಕೆ ಆಗುವ ಬಾಗಿನಿಂದಲೇ ಇದನ್ನು ಅಂದಾಜಿಸಬಹುದು: ಗುರುತ್ವ ವೇಗೋತ್ಕರ್ಷವನ್ನು ಬಾಗಿನಿಂದ ಭಾಗಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಇಷ್ಟು ರೇಡಿಯನ್ ಎಂಬ ಉತ್ತರ ಬರುತ್ತದೆ. ಈ ಲೆಕ್ಕದಂತೆ 6 ಮಿ.ಮೀ. ಶಾಫ್ಟಿನ ಕ್ರಿಟಿಕಲ್ ವೇಗ ನಿಮಿಷಕ್ಕೆ ಸುಮಾರು 36,000 ಸುತ್ತು, 3 ಮಿ.ಮೀ. ಶಾಫ್ಟಿನದು ಸುಮಾರು 9,100 ಸುತ್ತು. ಓಡುವ ವೇಗ 3000 ತಾನೇ, 9,100 ಅದರ ಮೂರು ಪಟ್ಟು ದೂರದಲ್ಲಿದೆ, ಚಿಂತೆಯೇನು ಎಂದು ಕೇಳಬಹುದು. ಚಿಂತೆ ಆ ಮೂರು ಪಟ್ಟಿನಲ್ಲೇ ಇದೆ. 9,100 ಸುತ್ತು ಎಂದರೆ ಸುಮಾರು 152 ಹರ್ಟ್ಸ್. ಮೋಟಾರು ಸುತ್ತುವುದು 50 ಹರ್ಟ್ಸ್‌ನಲ್ಲಿ. ಶಾಫ್ಟ್ ಒಂದು ಸುತ್ತಿಗೆ ಮೂರು ಬಾರಿ ಕುಲುಕುವಂಥ ಯಾವುದೇ ದೋಷವಿದ್ದರೆ ಅದು 150 ಹರ್ಟ್ಸ್‌ನಲ್ಲಿ ತಳ್ಳುತ್ತದೆ, ತೆಳು ಶಾಫ್ಟ್ ಅದನ್ನು ಹಿಗ್ಗಿಸಿ ಕವಚಕ್ಕೆ ದಾಟಿಸುತ್ತದೆ. ಅಂಥ ದೋಷ ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಪತ್ರದ ವಿಷಯ. ಮೇಲಿನ ಲೆಕ್ಕದಲ್ಲಿ ಲ್ಯಾಮಿನೇಷನ್ ಕಟ್ಟು (ರೋಟರಿನ ತೆಳು ಉಕ್ಕಿನ ಹಾಳೆಗಳ ಕಟ್ಟು) ಶಾಫ್ಟಿಗೆ ಕೊಡುವ ಆಸರೆಯನ್ನೂ, ಬೇರಿಂಗ್ ಮತ್ತು ಮುಚ್ಚಳಗಳ ಮೆದುತನವನ್ನೂ ಬಿಟ್ಟಿದ್ದೇನೆ. ಮೊದಲನೆಯದು ಸಂಖ್ಯೆಯನ್ನು ಮೇಲೇರಿಸುತ್ತದೆ, ಎರಡನೆಯದು ಕೆಳಗಿಳಿಸುತ್ತದೆ.

ಫ್ಯಾನ್ ಅಥವಾ ಪುಲ್ಲಿ ಕೂರುವ ಹೊರಚಾಚಿದ ತುದಿಗೂ ಒಂದು ಮಾತು. ಆ ತುದಿಯಲ್ಲಿನ ಬಾಗಿನಲ್ಲಿ ಚಾಚಿದ ಭಾಗದ್ದೇ ಆದ ಪಾಲು ಅದರ ಉದ್ದದ ಘನಕ್ಕೆ ಅನುಗುಣವಾಗಿರುವುದರಿಂದ, ಚಾಚನ್ನು 30ರಿಂದ 24 ಮಿ.ಮೀ.ಗೆ ಇಳಿಸಿದರೆ ಆ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವ್ಯಾಸ ಹೆಚ್ಚಿಸುವುದಕ್ಕೆ ಮೊದಲು ಬೇರಿಂಗನ್ನು ಹೊರೆಯ ಹತ್ತಿರಕ್ಕೆ ತರಲು ಸಾಧ್ಯವೇ ಎಂದು ನೋಡುವುದು ವಿನ್ಯಾಸಕಾರರಿಗೆ ಲಾಭದ ಕೆಲಸ.

ಪ್ರಶ್ನೆ: ನಮ್ಮ ಸಣ್ಣ ಘಟಕದಲ್ಲಿ ಶಾಫ್ಟುಗಳನ್ನು ಸೆಂಟರ್‌ಲೆಸ್ ಗ್ರೈಂಡಿಂಗ್ ಮಾಡುತ್ತೇವೆ. ಮೈಕ್ರೋಮೀಟರ್‌ನಲ್ಲಿ ಯಾವ ದಿಕ್ಕಿನಿಂದ ಅಳೆದರೂ ವ್ಯಾಸ 2 ಮೈಕ್ರಾನಿನೊಳಗೆ ಒಂದೇ ಇರುತ್ತದೆ. ಆದರೂ ಕೆಲವು ಮೋಟಾರುಗಳು ಗುಂಯ್‌ಗುಡುತ್ತವೆ. ಸೆಂಟರ್‌ಗಳ (ಶಾಫ್ಟಿನ ಎರಡೂ ತುದಿಗಳ ರಂಧ್ರದಲ್ಲಿ ಕೂರುವ ಮೊನೆಗಳ) ನಡುವೆ ಹಿಡಿದು ಗ್ರೈಂಡ್ ಮಾಡಿದ ಶಾಫ್ಟುಗಳಲ್ಲಿ ಈ ತೊಂದರೆ ಇಲ್ಲ. ಕಾರಣವೇನು?

ಉತ್ತರ: ನೀವು ಅಳೆದದ್ದು ವ್ಯಾಸವನ್ನು, ಶಾಫ್ಟ್ ದುಂಡಗಿದೆಯೇ ಎಂಬುದನ್ನು ಮೈಕ್ರೋಮೀಟರ್ ಹೇಳಲಾರದು. ಎದುರುಬದಿರಿನ ಎರಡು ಬಿಂದುಗಳ ನಡುವಿನ ಅಂತರ ಎಲ್ಲ ದಿಕ್ಕಿನಲ್ಲೂ ಸಮನಾಗಿದ್ದರೂ ವೃತ್ತವಾಗಿರದ ಆಕಾರಗಳಿವೆ. ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯ ಉಬ್ಬುಗಳಿರುವ ಶಾಫ್ಟಿನಲ್ಲಿ ಒಂದು ಬದಿಯ ಉಬ್ಬಿಗೆ ಎದುರಾಗಿ ಇನ್ನೊಂದು ಬದಿಯಲ್ಲಿ ತಗ್ಗು ಬರುವುದರಿಂದ ಮೈಕ್ರೋಮೀಟರ್‌ನ ಎರಡು ದವಡೆಗಳಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಸೆಂಟರ್‌ಲೆಸ್ ಗ್ರೈಂಡಿಂಗ್ ಇಂಥ ಬೆಸ ಉಬ್ಬುಗಳಿಗೆ ಹೆಸರಾದ ವಿಧಾನ. ಅದರಲ್ಲಿ ಶಾಫ್ಟಿಗೆ ಸ್ಥಿರವಾದ ಅಕ್ಷವಿಲ್ಲ; ಗ್ರೈಂಡಿಂಗ್ ಚಕ್ರ, ರೆಗ್ಯುಲೇಟಿಂಗ್ ಚಕ್ರ ಮತ್ತು ಕೆಳಗಿನ ಬ್ಲೇಡ್ ಇವುಗಳ ನಡುವೆ ಅದು ತನ್ನ ಹೊರಮೈಯನ್ನೇ ಆಧಾರ ಮಾಡಿಕೊಂಡು ಉರುಳುತ್ತದೆ. ಹೊರಮೈಯ ಉಬ್ಬು ರೆಗ್ಯುಲೇಟಿಂಗ್ ಚಕ್ರಕ್ಕೆ ತಗುಲಿದ ಕ್ಷಣದಲ್ಲಿ ಶಾಫ್ಟ್ ಎದುರು ಬದಿಗೆ ತಳ್ಳಲ್ಪಟ್ಟು ಗ್ರೈಂಡಿಂಗ್ ಚಕ್ರ ಅಲ್ಲಿ ತಗ್ಗು ಕೊರೆಯುತ್ತದೆ. ಶಾಫ್ಟಿನ ಕೇಂದ್ರವು ಎರಡು ಚಕ್ರಗಳ ಕೇಂದ್ರರೇಖೆಯ ಮೇಲೇ ಇದ್ದರೆ ಈ ದೋಷ ತನ್ನನ್ನು ತಾನೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ಬ್ಲೇಡನ್ನು ಏರಿಸಿ ಶಾಫ್ಟಿನ ಕೇಂದ್ರವನ್ನು ಆ ರೇಖೆಗಿಂತ ಮೇಲಕ್ಕೆ ತರಬೇಕು. ಆಗ ಉಬ್ಬು ಮತ್ತು ತಗ್ಗು ನೇರ ಎದುರುಬದಿರಾಗಿ ಬೀಳದೆ ಸುತ್ತಿನಿಂದ ಸುತ್ತಿಗೆ ಸವೆದು ಹೋಗುತ್ತವೆ. ಅತಿಯಾಗಿ ಏರಿಸಿದರೆ ಶಾಫ್ಟ್ ಬ್ಲೇಡಿನಿಂದ ನೆಗೆದು ಚ್ಯಾಟರ್ ಗುರುತುಗಳು ಬೀಳುತ್ತವೆ. ಆದುದರಿಂದ ಎತ್ತರವನ್ನು ಸ್ವಲ್ಪಸ್ವಲ್ಪವೇ ಬದಲಿಸಿ, ಪ್ರತಿ ಬಾರಿಯೂ ದುಂಡುತನವನ್ನು ಅಳೆದು ನೋಡಿ ನಿರ್ಧರಿಸಬೇಕು. ಒಂದೇ ಪಾಸ್‌ನಲ್ಲಿ ಹೆಚ್ಚು ಲೋಹ ತೆಗೆಯುವ ಆಸೆಯನ್ನೂ ಬಿಡಬೇಕು. ಕಡ್ಡಿಯಲ್ಲಿ ಮೊದಲೇ ಇದ್ದ ಉಬ್ಬುಗಳು ತೆಳುವಾದ ಎರಡು ಮೂರು ಪಾಸ್‌ಗಳಲ್ಲಿ ಹೋದಷ್ಟು ಚೆನ್ನಾಗಿ ಒಂದೇ ದಪ್ಪ ಪಾಸ್‌ನಲ್ಲಿ ಹೋಗುವುದಿಲ್ಲ.

ದುಂಡುತನವನ್ನು ಅಳೆಯಲು ರೌಂಡ್‌ನೆಸ್ ಟೆಸ್ಟರ್ ಇದ್ದರೆ ಉತ್ತಮ. ಇಲ್ಲದಿದ್ದರೆ ವಿ-ಬ್ಲಾಕ್ ಮತ್ತು ಮೈಕ್ರಾನ್ ತೋರಿಸುವ ಡಯಲ್ ಸಾಕು, ಆದರೆ ವಿ-ಬ್ಲಾಕಿನ ಕೋನವನ್ನು ಅರಿತು ಬಳಸಬೇಕು. ಡಯಲಿನ ಮುಳ್ಳನ್ನು ವಿ ಆಕಾರದ ಮಧ್ಯರೇಖೆಯಲ್ಲಿ ಮೇಲಿನಿಂದ ಇಟ್ಟು ಶಾಫ್ಟನ್ನು ತಿರುಗಿಸಿದಾಗ, 60 ಡಿಗ್ರಿ ಬ್ಲಾಕ್ ಮೂರು ಉಬ್ಬಿನ ದೋಷವನ್ನು ಮೂರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಆದರೆ ಅದೇ ಬ್ಲಾಕ್ ಐದು ಉಬ್ಬಿನ ದೋಷವನ್ನೂ ಏಳು ಉಬ್ಬಿನದನ್ನೂ ಅಂಡಾಕಾರವನ್ನೂ ಸಂಪೂರ್ಣ ಮುಚ್ಚಿಡುತ್ತದೆ. 90 ಡಿಗ್ರಿ ಬ್ಲಾಕ್ ಮೂರು ಮತ್ತು ಐದು ಉಬ್ಬುಗಳೆರಡನ್ನೂ ಎರಡು ಪಟ್ಟಾಗಿಯೂ ಅಂಡಾಕಾರವನ್ನು ಇದ್ದಷ್ಟೇ ಆಗಿಯೂ ತೋರಿಸುತ್ತದೆ, ಆದರೆ ಏಳು ಉಬ್ಬಿಗೆ ಅದೂ ಕುರುಡು. ಹಾಗಾಗಿ ಒಂದು ಬ್ಲಾಕ್ ಮಾತ್ರ ಕೊಳ್ಳುವುದಾದರೆ 90 ಡಿಗ್ರಿಯದನ್ನು ಆರಿಸಿ. ಎರಡೂ ಇದ್ದರೆ ಎರಡರಲ್ಲೂ ನೋಡಿ.

ಈ ಉಬ್ಬು ಸದ್ದಾಗುವ ಬಗೆ ಹೀಗೆ. ಗುಂಡುಗಳಿಲ್ಲದ, ಶಾಫ್ಟ್ ನೇರವಾಗಿ ಒಳಗೆ ತಿರುಗುವ ಬುಷ್ ಬೇರಿಂಗ್‌ನಲ್ಲಿ ಮೂರು ಉಬ್ಬಿನ ಶಾಫ್ಟ್ ಒಂದು ಸುತ್ತಿಗೆ ಮೂರು ಬಾರಿ ಏರಿಳಿಯುತ್ತದೆ. ಬಾಲ್ ಬೇರಿಂಗ್‌ನಲ್ಲಿ, 8 ಮಿ.ಮೀ. ಒಳವ್ಯಾಸದ 608ರಂಥ ಸಣ್ಣ ಬೇರಿಂಗಿನ ಒಳರಿಂಗ್ ತೆಳ್ಳಗಿರುವುದರಿಂದ, ಬಿಗಿಯಾಗಿ ಕೂತ ಮೇಲೆ ಅದು ಶಾಫ್ಟಿನ ಆಕಾರವನ್ನೇ ತಾಳುತ್ತದೆ. ಅತಿ ನಯವಾಗಿ ತಯಾರಾದ ಬೇರಿಂಗ್ ಟ್ರ್ಯಾಕ್ ಕೆಟ್ಟ ಶಾಫ್ಟಿನ ನಕಲಾಗಿಬಿಡುತ್ತದೆ. ಬೇರಿಂಗ್‌ಗೆ ಮುನ್ನೊತ್ತಡ ಕೊಡದೆ ಸಡಿಲವಾಗಿ ಓಡಿಸಿದರೆ ಕೆಲವೇ ಗುಂಡುಗಳು ಹೊರೆ ಹೊರುವುದರಿಂದ ಈ ಏರಿಳಿತ ನೇರವಾಗಿ ಕೇಳಿಸುತ್ತದೆ. ಎಲ್ಲ ಗುಂಡುಗಳೂ ಹೊರೆ ಹಂಚಿಕೊಳ್ಳುವಂತೆ ಅಕ್ಷದುದ್ದಕ್ಕೆ ಒತ್ತಡ ಕೊಟ್ಟರೆ ಸಾಕಷ್ಟು ತಗ್ಗುತ್ತದೆ, ಆದರೆ ಅದು ಉಪಶಮನ ಮಾತ್ರ. ಬೇರಿಂಗ್ ಕೂರುವ ಜಾಗದಲ್ಲಿ ದುಂಡುತನದ ದೋಷ 2 ಮೈಕ್ರಾನ್ ಮೀರಬಾರದೆಂದು ಡ್ರಾಯಿಂಗಿನಲ್ಲಿ ವ್ಯಾಸದ ಟಾಲರೆನ್ಸಿನಿಂದ (ಅಳತೆಯಲ್ಲಿ ಒಪ್ಪಬಹುದಾದ ಏರುಪೇರಿನಿಂದ) ಪ್ರತ್ಯೇಕವಾಗಿ ಬರೆಯಿರಿ. ಬರೆಯದಿದ್ದರೆ ಯಾರೂ ಅಳೆಯುವುದಿಲ್ಲ.

ಸೆಂಟರ್‌ಗಳ ನಡುವಿನ ಗ್ರೈಂಡಿಂಗ್ ನಿಧಾನ, ಆದರೆ ಎರಡೂ ಬೇರಿಂಗ್ ಜಾಗಗಳು ಒಂದೇ ಅಕ್ಷದ ಮೇಲೆ ಬರುತ್ತವೆ. ಅಲ್ಲಿಯೂ ದುಂಡುತನವು ಸೆಂಟರ್ ರಂಧ್ರಗಳನ್ನು ಅವಲಂಬಿಸಿದೆ. ಹಾರ್ಡನಿಂಗ್ ಆದ ಮೇಲೆ ಆ 60 ಡಿಗ್ರಿ ರಂಧ್ರಗಳನ್ನು ಲ್ಯಾಪ್ ಮಾಡಿ ಶುಚಿಗೊಳಿಸದಿದ್ದರೆ ಅವುಗಳ ಓರೆಕೋರೆಯೇ ಶಾಫ್ಟಿನ ಮೇಲೆ ಮೂಡುತ್ತದೆ.

ಪ್ರಶ್ನೆ: ಶಾಫ್ಟನ್ನು ಹಾರ್ಡನಿಂಗ್ ಮಾಡಿಸಿದರೆ ಅಥವಾ ಸ್ಟೇನ್‌ಲೆಸ್ ಉಕ್ಕಿಗೆ ಬದಲಿಸಿದರೆ ಬಾಗುವುದು ಕಡಿಮೆಯಾಗಿ ಸದ್ದು ಇಳಿಯುವುದೇ? ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಒಳ್ಳೆಯದೆಂದು ಒಬ್ಬರು ಹೇಳಿದರು.

ಉತ್ತರ: ಹಾರ್ಡನಿಂಗ್‌ನಿಂದ ಬಾಗು ಕಡಿಮೆಯಾಗುವುದಿಲ್ಲ. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ, ಅದು ಮೆದುವಾಗಿರಲಿ ಗಡುಸಾಗಿರಲಿ, 200 ಗಿಗಾಪಾಸ್ಕಲ್ ಆಸುಪಾಸಿನಲ್ಲೇ ಇರುತ್ತದೆ. ಅದೇ ಹೊರೆಗೆ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಾಗುತ್ತವೆ. ಗಡುಸಾದದ್ದು ಹೆಚ್ಚು ಹೊರೆಯವರೆಗೆ ಶಾಶ್ವತವಾಗಿ ಸೊಟ್ಟಗಾಗದೆ ಉಳಿಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಶಾಫ್ಟನ್ನು ಬಿಗಿಗೊಳಿಸಲು ವ್ಯಾಸ ಮತ್ತು ಬೇರಿಂಗ್ ಅಂತರವೇ ದಾರಿ.

ಹಾರ್ಡನಿಂಗ್ ಬೇಕಾಗುವುದು ಮೇಲ್ಮೈ ಸವೆಯುವ ಕಡೆ. ಬಾಲ್ ಬೇರಿಂಗ್ ಹಾಕುವ ಮೋಟಾರಿನಲ್ಲಿ ಶಾಫ್ಟಿನ ಮೇಲೆ ಏನೂ ಉಜ್ಜುವುದಿಲ್ಲ, ಅಲ್ಲಿ 0.45 ಶೇಕಡಾ ಇಂಗಾಲದ ಸಿ45 ಉಕ್ಕನ್ನು ಗಡುಸುಗೊಳಿಸದೆಯೂ ಬಳಸಬಹುದು. ಬುಷ್ ಮೇಲೆ ಓಡುವ ಶಾಫ್ಟಿಗೆ ಸುಮಾರು 13 ಶೇಕಡಾ ಕ್ರೋಮಿಯಂ ಇರುವ 420 ದರ್ಜೆಯ ಸ್ಟೇನ್‌ಲೆಸ್ ಅಥವಾ 1 ಶೇಕಡಾ ಇಂಗಾಲ ಮತ್ತು 1.5 ಶೇಕಡಾ ಕ್ರೋಮಿಯಂ ಇರುವ ಬೇರಿಂಗ್ ಉಕ್ಕನ್ನು ಗಡುಸುಗೊಳಿಸಿ ಬಳಸುವುದು ವಾಡಿಕೆ. 420 ಕಾಂತಕ್ಕೆ ಅಂಟುತ್ತದೆ, 304 ಅಂಟುವುದಿಲ್ಲ. ಆದರೆ 304 ಅನ್ನು ಶಾಖದಿಂದ ಗಡುಸು ಮಾಡಲಾಗದು.

ಅಂಟದ ಉಕ್ಕು ಒಳ್ಳೆಯದೇ ಎಂಬುದು ರೋಟರಿನ ರಚನೆಯನ್ನು ನೋಡಿ ಹೇಳಬೇಕಾದ ಮಾತು. ಉಂಗುರದಂಥ ಮ್ಯಾಗ್ನೆಟನ್ನು ನೇರವಾಗಿ ಶಾಫ್ಟಿಗೇ ಅಂಟಿಸಿದ ಸಣ್ಣ ರೋಟರುಗಳಲ್ಲಿ ಶಾಫ್ಟೇ ಕಾಂತಕ್ಷೇತ್ರಕ್ಕೆ ಹಿಂದಿರುಗುವ ದಾರಿ. ಅಲ್ಲಿ 304 ಹಾಕಿದರೆ ಕ್ಷೇತ್ರ ಕುಗ್ಗಿ ಅದೇ ಟಾರ್ಕಿಗೆ ಹೆಚ್ಚು ಕರೆಂಟ್ ಬೇಕಾಗುತ್ತದೆ. ಲ್ಯಾಮಿನೇಷನ್ ಕಟ್ಟೇ ಸಾಕಷ್ಟು ದಪ್ಪವಾಗಿರುವ ಕಡೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ಪ್ರಶ್ನೆ: ಟೊಳ್ಳು ಶಾಫ್ಟ್ ಹಗುರವೂ ಬಿಗಿಯೂ ಆಗಿರುತ್ತದೆ ಎನ್ನುತ್ತಾರಲ್ಲ?

ಉತ್ತರ: ಹೊರವ್ಯಾಸದ ಅರ್ಧದಷ್ಟು ರಂಧ್ರ ಕೊರೆದರೆ ಶಾಫ್ಟಿನ ತೂಕ 25 ಶೇಕಡಾ ಇಳಿಯುತ್ತದೆ, ಬಾಗನ್ನು ತಡೆಯುವ ಶಕ್ತಿ 6 ಶೇಕಡಾದಷ್ಟು ಮಾತ್ರ ಇಳಿಯುತ್ತದೆ, ಲೆಕ್ಕಕ್ಕೆ ಇದು ಆಕರ್ಷಕ. ಆದರೆ ಸಣ್ಣ ಮೋಟಾರಿನಲ್ಲಿ ರೋಟರಿನ ತೂಕದ ಮುಂದೆ ಶಾಫ್ಟಿನ ತೂಕ ಅಲ್ಪ, ಮತ್ತು ಉದ್ದ ರಂಧ್ರ ಒಂದು ಬದಿಗೆ ಸರಿದರೆ ಹೊಸದೊಂದು ಅಸಮತೋಲ ಹುಟ್ಟುತ್ತದೆ. ಒಳಗಿನಿಂದ ತಂತಿಯೋ ಗಾಳಿಯೋ ಹಾಯಬೇಕಾದ ಸಂದರ್ಭ ಬಿಟ್ಟರೆ ಈ ಗೊಡವೆ ಬೇಡ.

ಪ್ರಶ್ನೆ: 8 ಮಿ.ಮೀ. ಶಾಫ್ಟಿಗೆ 608 ಬೇರಿಂಗ್ ಕೂರಿಸುತ್ತೇವೆ. ಕೂರಿಸುವ ಮೊದಲು ಬೇರಿಂಗ್ ಕೈಯಲ್ಲಿ ನಯವಾಗಿ ತಿರುಗುತ್ತದೆ, ಕೂರಿಸಿದ ಮೇಲೆ ಗರಗರ ಎನ್ನುತ್ತದೆ. ಬಿಗಿ ಕಡಿಮೆ ಮಾಡಿದರೆ ಒಳರಿಂಗ್ ಶಾಫ್ಟಿನ ಮೇಲೆ ಜಾರುತ್ತದೆ. ಯಾವ ಫಿಟ್ ಸರಿ?

ಉತ್ತರ: ಸಂಖ್ಯೆಗಳನ್ನು ಎದುರಿಗಿಟ್ಟುಕೊಂಡು ನೋಡೋಣ. ಸಾಮಾನ್ಯ ದರ್ಜೆಯ ಬೇರಿಂಗಿನಲ್ಲಿ 8 ಮಿ.ಮೀ. ಒಳವ್ಯಾಸವು ಸೊನ್ನೆಯಿಂದ 8 ಮೈಕ್ರಾನ್ ಕಡಿಮೆಯವರೆಗೆ ಇರಬಹುದು. ಶಾಫ್ಟನ್ನು ಕೆ5 ಎಂಬ ಟಾಲರೆನ್ಸ್ ದರ್ಜೆಯಲ್ಲಿ ಮಾಡಿದರೆ ಅದು 1ರಿಂದ 7 ಮೈಕ್ರಾನ್ ಹೆಚ್ಚಿರುತ್ತದೆ. ಎರಡೂ ಕೂಡಿದಾಗ ಬಿಗಿ (ರಂಧ್ರಕ್ಕಿಂತ ಶಾಫ್ಟ್ ದಪ್ಪವಿರುವ ಅಳತೆ) 1 ಮೈಕ್ರಾನಿನಿಂದ 15 ಮೈಕ್ರಾನ್‌ವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಇನ್ನು ಈ ಅಳತೆಯ ಬೇರಿಂಗಿನ ಸಾಮಾನ್ಯ ಒಳ ಸಡಿಲ 2ರಿಂದ 13 ಮೈಕ್ರಾನ್. ಬಿಗಿಯ ಮುಕ್ಕಾಲು ಪಾಲಿನಷ್ಟು ಒಳರಿಂಗನ್ನು ಹಿಗ್ಗಿಸಿ ಈ ಸಡಿಲವನ್ನು ತಿಂದುಹಾಕುತ್ತದೆ. 15 ಮೈಕ್ರಾನ್ ಬಿಗಿ ಬಿದ್ದ ಜೋಡಿಯಲ್ಲಿ 11 ಮೈಕ್ರಾನ್ ಹೋದಂತೆ. ಸಡಿಲ 5 ಮೈಕ್ರಾನ್ ಮಾತ್ರ ಇದ್ದ ಬೇರಿಂಗಾದರೆ ಗುಂಡುಗಳು ಹಿಸುಕಿಹೋಗುತ್ತವೆ. ನೀವು ಕೇಳುತ್ತಿರುವ ಗರಗರದ ಒಂದು ಕಾರಣ ಇದಿರಬಹುದು.

ಸದ್ದು ಮುಖ್ಯವಾದ, ಹೊರೆ ಹಗುರವಾದ ಮೋಟಾರಿಗೆ ಜೆ5 ದರ್ಜೆ ನನಗೆ ಹೆಚ್ಚು ಹಿಡಿಸುತ್ತದೆ; ಅದರಲ್ಲಿ ಶಾಫ್ಟ್ 2 ಮೈಕ್ರಾನ್ ಕಡಿಮೆಯಿಂದ 4 ಮೈಕ್ರಾನ್ ಹೆಚ್ಚಿನವರೆಗೆ ಇರುತ್ತದೆ. ಅಪರೂಪಕ್ಕೆ ಸಡಿಲವಾಗಿ ಬಿದ್ದ ಜೋಡಿಗೆ ಬೇರಿಂಗ್ ಹಿಡಿಸುವ ಆನೆರೋಬಿಕ್ ಅಂಟನ್ನು ತೆಳುವಾಗಿ ಹಚ್ಚಬಹುದು, ಆದರೆ ಅದು ಗುಂಡುಗಳೊಳಗೆ ಹರಿಯದಂತೆ ನೋಡಿಕೊಳ್ಳಬೇಕು. ಶಾಫ್ಟುಗಳನ್ನು ಅಳತೆಯಂತೆ ಎರಡು ಗುಂಪು ಮಾಡಿ ಬೇರಿಂಗ್‌ಗಳಿಗೆ ಜೋಡಿಸುವುದು ಬೇಸರದ ಕೆಲಸವಾದರೂ ಅಂಟಿಗಿಂತ ಭರವಸೆಯದು.

ಫಿಟ್ ಸರಿಯಿದ್ದೂ ಗರಗರ ಬಂದರೆ ಕೂರಿಸುವ ಕ್ರಮವನ್ನು ನೋಡಿ. ಶಾಫ್ಟಿಗೆ ಒತ್ತುವಾಗ ಬಲ ಒಳರಿಂಗಿನ ಮೇಲೆ ಮಾತ್ರ ಬೀಳಬೇಕು. ಹೊರರಿಂಗನ್ನು ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು ಟ್ರ್ಯಾಕಿನಲ್ಲಿ ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ, ಆಮೇಲೆ ಯಾವ ಗ್ರೀಸೂ ಆ ಸದ್ದನ್ನು ನಿಲ್ಲಿಸಲಾರದು. ಸುತ್ತಿಗೆಯನ್ನು ಆ ಮೇಜಿನ ಹತ್ತಿರವೇ ಇಡದಿರುವುದು ಒಳ್ಳೆಯದು. ಶಾಫ್ಟಿನ ಭುಜದ ಮೂಲೆಯಲ್ಲಿರುವ ದುಂಡು, ಬೇರಿಂಗ್ ಅಂಚಿನ ದುಂಡಿಗಿಂತ ಚಿಕ್ಕದಿರಬೇಕು, ಇಲ್ಲವೇ ಮೂಲೆಯಲ್ಲಿ ಅಂಡರ್‌ಕಟ್ ಕೊಡಬೇಕು. ಇಲ್ಲದಿದ್ದರೆ ಬೇರಿಂಗ್ ಭುಜಕ್ಕೆ ಒರಗದೆ ಓರೆಯಾಗಿ ನಿಲ್ಲುತ್ತದೆ. ಭುಜದ ಮುಖವೂ ಅಕ್ಷಕ್ಕೆ ಲಂಬವಾಗಿರಬೇಕು. ಅದಕ್ಕಾಗಿ ಬೇರಿಂಗ್ ಜಾಗವನ್ನೂ ಭುಜವನ್ನೂ ಒಂದೇ ಹಿಡಿತದಲ್ಲಿ ಮುಗಿಸುವುದು ಸುರಕ್ಷಿತ.

ಎರಡೂ ಬೇರಿಂಗ್‌ಗಳ ಹೊರರಿಂಗನ್ನು ಬಿಗಿಯಾಗಿ ಹಿಡಿಯಬೇಡಿ. 100 ಮಿ.ಮೀ. ಉದ್ದದ ಉಕ್ಕಿನ ಶಾಫ್ಟ್ ಮತ್ತು ಅಲ್ಯೂಮಿನಿಯಂ ಕವಚ ಎರಡೂ 40 ಡಿಗ್ರಿ ಬಿಸಿಯಾದರೆ ಅವುಗಳ ಹಿಗ್ಗುವಿಕೆಯಲ್ಲಿ 0.04 ಮಿ.ಮೀ.ಗಿಂತ ಹೆಚ್ಚು ಅಂತರ ಬರುತ್ತದೆ. ಒಂದು ಬೇರಿಂಗನ್ನು ಕವಚದಲ್ಲಿ ಜಾರಲು ಬಿಟ್ಟು, ಅದರ ಹೊರರಿಂಗಿನ ಹಿಂದೆ ವೇವ್ ವಾಷರ್ ಇಟ್ಟರೆ ಈ ಅಂತರವನ್ನೂ ಅದು ನುಂಗಿಕೊಳ್ಳುತ್ತದೆ, ಮುನ್ನೊತ್ತಡವನ್ನೂ ಕೊಡುತ್ತದೆ.

ಪ್ರಶ್ನೆ: ನೇರವಾಗಿದ್ದ ಶಾಫ್ಟ್, ಲ್ಯಾಮಿನೇಷನ್ ಕಟ್ಟಿಗೆ ಪ್ರೆಸ್ ಮಾಡಿದ ಮೇಲೆ ಸೊಟ್ಟಗಾಗುತ್ತದೆ. ಮತ್ತೆ ಪ್ರೆಸ್‌ನಲ್ಲಿ ಒತ್ತಿ ನೇರ ಮಾಡುತ್ತೇವೆ. ಕೆಲವು ದಿನಗಳಲ್ಲಿ ಪುನಃ ಸೊಟ್ಟಗಾದಂತೆ ಕಾಣುತ್ತದೆ. ಇದು ನಿಜವೇ, ಅಥವಾ ಅಳತೆಯ ತಪ್ಪೇ?

ಉತ್ತರ: ನಿಜವಿರಬಹುದು. ತಣ್ಣಗೆ ಎಳೆದು ತಯಾರಿಸಿದ ಕಡ್ಡಿಯೊಳಗೆ ಒತ್ತಡಗಳು ಸಮತೋಲದಲ್ಲಿ ಸಿಕ್ಕಿಹಾಕಿಕೊಂಡಿರುತ್ತವೆ. ಒಂದು ಬದಿಯಲ್ಲಿ ಕೀ ಕೂರುವ ತೋಡು ಕೊರೆದಾಗ, ಚಪ್ಪಟೆ ಮಾಡಿದಾಗ, ಅಥವಾ ನರ್ಲಿಂಗ್‌ನಲ್ಲಿ (ಹಿಡಿತಕ್ಕಾಗಿ ಮೇಲ್ಮೈಯಲ್ಲಿ ಗೀರುಗಳನ್ನು ಒತ್ತುವಾಗ) ಲೋಹವನ್ನು ಅಸಮವಾಗಿ ಹಿಸುಕಿದಾಗ ಆ ಸಮತೋಲ ತಪ್ಪಿ ಕಡ್ಡಿ ಬಾಗುತ್ತದೆ. ಒತ್ತಿ ನೇರ ಮಾಡುವುದೆಂದರೆ ಹಳೆಯ ಒತ್ತಡದ ಮೇಲೆ ಹೊಸದನ್ನು ಹೇರಿದಂತೆ. ಮೋಟಾರಿನ ಬಿಸಿ ಮತ್ತು ಕಂಪನದಲ್ಲಿ ಅದರ ಒಂದು ಭಾಗ ಸಡಿಲಗೊಂಡು ಶಾಫ್ಟ್ ಹಳೆಯ ಬಾಗಿನ ಕಡೆಗೆ ಸ್ವಲ್ಪ ಮರಳುತ್ತದೆ.

ನನ್ನ ಸಲಹೆ ಕೆಲಸದ ಕ್ರಮವನ್ನೇ ಬದಲಿಸುವುದು. ಕಡ್ಡಿಯನ್ನು ಒರಟಾಗಿ ಟರ್ನಿಂಗ್ ಮಾಡಿ, ಸಿ45 ಆಗಿದ್ದರೆ 550ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ ಇಳಿಸಿ ನಿಧಾನವಾಗಿ ತಣಿಸಿ. ಆಮೇಲೆ ನರ್ಲಿಂಗ್, ಚಪ್ಪಟೆ ಮುಖ ಇತ್ಯಾದಿಗಳನ್ನು ಮುಗಿಸಿ. ಬೇರಿಂಗ್ ಜಾಗದಲ್ಲಿ ಗ್ರೈಂಡಿಂಗ್‌ಗೆಂದು ಸ್ವಲ್ಪ ಲೋಹ ಉಳಿಸಿಕೊಂಡೇ ಲ್ಯಾಮಿನೇಷನ್ ಕಟ್ಟಿಗೆ ಪ್ರೆಸ್ ಮಾಡಿ. ಎಲ್ಲಕ್ಕೂ ಕೊನೆಗೆ ಬೇರಿಂಗ್ ಜಾಗಗಳನ್ನು ಸೆಂಟರ್‌ಗಳ ನಡುವೆ ಗ್ರೈಂಡ್ ಮಾಡಿ, ಅದೇ ಅಕ್ಷದಿಂದ ರೋಟರಿನ ಹೊರಮೈಯನ್ನೂ ಸರಿಪಡಿಸಿ. ಪ್ರೆಸ್ ಮಾಡುವಾಗ ಆದ ಬಾಗು ಎಷ್ಟೇ ಇದ್ದರೂ, ಓಡುವ ಅಕ್ಷವನ್ನು ಅದಾದ ಮೇಲೆ ನಿರ್ಧರಿಸಿದಂತಾಗುತ್ತದೆ. ಗ್ರೈಂಡಿಂಗ್ ಧೂಳು ಕಟ್ಟಿನೊಳಗೆ ಸೇರದಂತೆ ಮುಚ್ಚಿ ತೊಳೆಯುವ ಶ್ರಮ ಹೆಚ್ಚುತ್ತದೆ ಎಂಬುದು ಈ ಕ್ರಮದ ದೋಷ.

ಪ್ರೆಸ್ ಬಲವನ್ನೇ ತಪ್ಪಿಸಲು ಕಟ್ಟನ್ನು ಬಿಸಿ ಮಾಡಿ ಶಾಫ್ಟನ್ನು ಇಳಿಬಿಡಬಹುದು. 8 ಮಿ.ಮೀ. ರಂಧ್ರ 150 ಡಿಗ್ರಿ ಹೆಚ್ಚು ಬಿಸಿಯಾದಾಗ ಸುಮಾರು 14 ಮೈಕ್ರಾನ್ ಹಿಗ್ಗುತ್ತದೆ. ಬಿಗಿಯನ್ನು 10 ಮೈಕ್ರಾನಿನೊಳಗೆ ಇಟ್ಟರೆ ಶಾಫ್ಟ್ ಸಲೀಸಾಗಿ ಒಳಸೇರುತ್ತದೆ. ಮ್ಯಾಗ್ನೆಟ್‌ಗಳನ್ನು ಮೊದಲೇ ಅಂಟಿಸಿದ ರೋಟರಿಗೆ ಈ ಉಪಾಯ ಸಲ್ಲದು.

ಪ್ರಶ್ನೆ: ಸದ್ದು ಕಡಿಮೆ ಇರಬೇಕಾದರೆ ಬಾಲ್ ಬೇರಿಂಗ್ ಬಿಟ್ಟು ಎಣ್ಣೆ ಹೀರಿದ ಸಿಂಟರ್ಡ್ ಬುಷ್ ಹಾಕಬೇಕೇ? ಆಗ ಶಾಫ್ಟಿನಲ್ಲಿ ಏನು ಬದಲಾಗಬೇಕು?

ಉತ್ತರ: ಹಗುರ ಹೊರೆಯ, ಬೆಲ್ಟ್ ಎಳೆತವಿಲ್ಲದ ಮೋಟಾರಿಗೆ ಸಿಂಟರ್ಡ್ ಬುಷ್ ಬಾಲ್ ಬೇರಿಂಗಿಗಿಂತ ನಿಶ್ಶಬ್ದ, ಉರುಳುವ ಗುಂಡುಗಳೇ ಇಲ್ಲ, ಎಣ್ಣೆಯ ಪದರ ಕಂಪನವನ್ನೂ ತಗ್ಗಿಸುತ್ತದೆ. ಆದರೆ ಅಲ್ಲಿ ಶಾಫ್ಟೇ ಬೇರಿಂಗಿನ ಅರ್ಧಭಾಗವಾಗುವುದರಿಂದ ಅದರ ಮೇಲಿನ ನಿಯಮಗಳು ಬಿಗಿಯಾಗುತ್ತವೆ. ಮೇಲ್ಮೈ ಗಡುಸಾಗಿರಬೇಕು, ಒರಟುತನ 0.2 ಮೈಕ್ರಾನ್ ಆಸುಪಾಸಿನಲ್ಲಿರಬೇಕು, ಸಡಿಲ ವ್ಯಾಸದ ಸಾವಿರದಲ್ಲೊಂದರಿಂದ ಸಾವಿರದಲ್ಲೆರಡು ಪಾಲು, ಅಂದರೆ 6 ಮಿ.ಮೀ. ಶಾಫ್ಟಿಗೆ 6ರಿಂದ 12 ಮೈಕ್ರಾನ್, ಇರಬೇಕು. ಗ್ರೈಂಡಿಂಗ್ ಚಕ್ರ ಶಾಫ್ಟಿನುದ್ದಕ್ಕೆ ಸಾಗಿದಾಗ ಸ್ಕ್ರೂ ಎಳೆಯಂಥ ಸೂಕ್ಷ್ಮ ಸುರುಳಿ ಗೆರೆಗಳು ಉಳಿಯಬಹುದು; ಅವು ಎಣ್ಣೆಯನ್ನು ಬುಷ್‌ನಿಂದ ಹೊರಗೆ ತಳ್ಳುತ್ತವೆ. ಆದಕಾರಣ ಬುಷ್ ಜಾಗವನ್ನು ಪ್ಲಂಜ್ ಗ್ರೈಂಡಿಂಗ್‌ನಲ್ಲಿ, ಉದ್ದಕ್ಕೆ ಸರಿಸದೆ, ಮುಗಿಸಿ.

ಶಾಫ್ಟ್ ತುದಿಯ ಚಪ್ಪಟೆ ಮುಖದ ಅಂಚಿನಲ್ಲಿ ಬರ್ ಉಳಿದಿದ್ದರೆ ತೂರಿಸುವಾಗಲೇ ಬುಷ್ ಗೀಚಿಹೋಗುತ್ತದೆ. ಬುಷ್ ಬಿಗಿಯಾದರೆ ಅದನ್ನು ರೀಮ್ ಮಾಡಲು ಹೋಗಬೇಡಿ. ಎಣ್ಣೆ ಹಿಡಿದಿಡುವ ಬುಷ್‌ನ ಸೂಕ್ಷ್ಮ ರಂಧ್ರಗಳು ಬಳಿದು ಮುಚ್ಚಿಹೋಗಿ ಎಣ್ಣೆ ಹೊರಬರುವುದಿಲ್ಲ.

ಪ್ರಶ್ನೆ: ರೋಟರನ್ನು ಜಿ 2.5 ದರ್ಜೆಗೆ ಬ್ಯಾಲೆನ್ಸ್ ಮಾಡಿಸಿದ್ದೇವೆ. ಆದರೂ ಸದ್ದಿದೆ. ದೋಷ ಶಾಫ್ಟಿನದೋ ವೈಂಡಿಂಗಿನದೋ ತಿಳಿಯುವುದು ಹೇಗೆ?

ಉತ್ತರ: ಮೊದಲು ಜಿ 2.5 ಎಂದರೆ ಎಷ್ಟು ಎಂದು ನೋಡೋಣ. ಬ್ಯಾಲೆನ್ಸಿಂಗ್ ಕುರಿತ ಐಎಸ್‌ಒ 21940-11 ಮಾನಕದ ಪ್ರಕಾರ 3000 ಸುತ್ತಿನಲ್ಲಿ ಈ ದರ್ಜೆ ರೋಟರಿನ ಗುರುತ್ವ ಕೇಂದ್ರ ಅಕ್ಷದಿಂದ 8 ಮೈಕ್ರಾನ್ ದೂರವಿರಲು ಅವಕಾಶ ಕೊಡುತ್ತದೆ. 200 ಗ್ರಾಂ ರೋಟರಿಗೆ ಅದು 1.6 ಗ್ರಾಂ-ಮಿಲಿಮೀಟರ್. ರೋಟರಿನ ಹೊರಮೈಯಲ್ಲಿ ಡಯಲ್ 16 ಮೈಕ್ರಾನ್ ರನ್‌ಔಟ್ (ಒಂದು ಸುತ್ತಿನಲ್ಲಿ ಮುಳ್ಳಿನ ಒಟ್ಟು ಏರಿಳಿತ) ತೋರಿಸಿದರೆ ಕೇಂದ್ರ 8 ಮೈಕ್ರಾನ್ ಸರಿದಿದೆ ಎಂದರ್ಥ. ಅಷ್ಟು ಅಲ್ಪ ಬಾಗೇ ಪೂರ್ತಿ ಅವಕಾಶವನ್ನು ಮುಗಿಸಿಬಿಡುತ್ತದೆ.

ಬ್ಯಾಲೆನ್ಸಿಂಗ್ ಯಂತ್ರ ತೂಕವನ್ನು ಸರಿಪಡಿಸಬಲ್ಲದು, ಏರ್‌ಗ್ಯಾಪನ್ನಲ್ಲ. ಹೊರಮೈ ಓರೆಯಾಗಿ ಸುತ್ತುವ ರೋಟರಿನಿಂದ ಒಂದಿಷ್ಟು ಲೋಹ ತೆಗೆದು ತೂಕ ಸಮ ಮಾಡಿದರೂ, ಸ್ಟೇಟರಿನೊಳಗೆ ಅದರ ಗ್ಯಾಪ್ ಸುತ್ತಿಗೊಮ್ಮೆ ಕಿರಿದಾಗುತ್ತಲೇ ಇರುತ್ತದೆ ಮತ್ತು ಕಾಂತೀಯ ಸೆಳೆತ ಕುಲುಕುತ್ತಲೇ ಇರುತ್ತದೆ. ಮೊದಲು ರನ್‌ಔಟ್ ತಗ್ಗಿಸಿ, ಬಳಿಕ ಬ್ಯಾಲೆನ್ಸ್ ಮಾಡಬೇಕು. ಉದ್ದನೆಯ ರೋಟರಾದರೆ ಎರಡು ತಲಗಳಲ್ಲಿ ಮಾಡಬೇಕು.

ದೋಷವನ್ನು ಬೇರ್ಪಡಿಸಲು ಸುಲಭ ಪರೀಕ್ಷೆಯೊಂದಿದೆ. ಮೋಟಾರು ಪೂರ್ಣ ವೇಗದಲ್ಲಿರುವಾಗ ವಿದ್ಯುತ್ ಕಡಿದು ಕಿವಿಗೊಡಿ. ಸದ್ದು ಆ ಕ್ಷಣದಲ್ಲೇ ನಿಂತರೆ ಅದು ವಿದ್ಯುತ್ಕಾಂತೀಯ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಓಡುವ ಮೋಟಾರಿನ 100 ಹರ್ಟ್ಸ್ ಗುಂಗು ಈ ಜಾತಿಯದು. ವೇಗದೊಂದಿಗೆ ಮೆಲ್ಲಗೆ ಇಳಿಯುತ್ತಾ ಹೋದರೆ ಅಸಮತೋಲ, ಬಾಗು ಅಥವಾ ಬೇರಿಂಗಿನದು. ಇಳಿಯುವ ದಾರಿಯಲ್ಲಿ ಒಂದು ವೇಗದಲ್ಲಿ ಮಾತ್ರ ಉಬ್ಬಿ ಮತ್ತೆ ತಗ್ಗಿದರೆ ಎಲ್ಲೋ ಅನುರಣನವಿದೆ. ಶಾಶ್ವತ ಮ್ಯಾಗ್ನೆಟ್ ಇರುವ ಮೋಟಾರುಗಳಲ್ಲಿ ಈ ಪರೀಕ್ಷೆ ಸ್ವಲ್ಪ ಮೋಸ ಮಾಡುತ್ತದೆ, ಏಕೆಂದರೆ ವಿದ್ಯುತ್ ಕಡಿದ ಮೇಲೂ ಮ್ಯಾಗ್ನೆಟ್ ಮತ್ತು ಸ್ಟೇಟರ್ ಹಲ್ಲುಗಳ ನಡುವಿನ ಕಾಗಿಂಗ್ (ತಡೆತಡೆದು ಎಳೆಯುವ ಸೆಳೆತ) ಉಳಿದಿರುತ್ತದೆ. ಅಲ್ಲಿ ಹಲ್ಲುಗಳ ಮತ್ತು ಧ್ರುವಗಳ ಸಂಖ್ಯೆಯ ಲಘುತಮ ಸಾಮಾನ್ಯ ಅಪವರ್ತ್ಯವನ್ನು ನೋಡಿ: 12 ಹಲ್ಲು, 8 ಧ್ರುವ ಇದ್ದರೆ ಒಂದು ಸುತ್ತಿಗೆ 24 ಮಿಡಿತ, ಅಂದರೆ 3000 ಸುತ್ತಿನಲ್ಲಿ 1200 ಹರ್ಟ್ಸ್. ಆ ಸ್ವರದ ಸದ್ದಾದರೆ ಶಾಫ್ಟನ್ನು ದೂರಬೇಕಿಲ್ಲ.

ಪ್ರಶ್ನೆ: ಹೊರಗಿನವರಿಂದ ಶಾಫ್ಟ್ ಮಾಡಿಸುವಾಗ ರನ್‌ಔಟನ್ನು ಡ್ರಾಯಿಂಗಿನಲ್ಲಿ ಹೇಗೆ ಬರೆಯಬೇಕು?

ಉತ್ತರ: ಎರಡು ಬೇರಿಂಗ್ ಜಾಗಗಳನ್ನು ಎ ಮತ್ತು ಬಿ ಎಂದು ಗುರುತಿಸಿ, ಉಳಿದೆಲ್ಲ ರನ್‌ಔಟನ್ನೂ ಎ-ಬಿ ಸಮಾನ ಅಕ್ಷದಿಂದ ಕೇಳಿ. ಸೆಂಟರ್ ರಂಧ್ರಗಳಿಂದ ಕೇಳಿದರೆ ತಯಾರಕರು ಅಲ್ಲಿಂದಲೇ ಅಳೆದು ಸರಿಯೆಂದು ಕಳುಹಿಸುತ್ತಾರೆ. ಮೋಟಾರು ಸುತ್ತುವುದು ಬೇರಿಂಗ್‌ಗಳ ಮೇಲೆ. ರೋಟರ್ ಕೂರುವ ಜಾಗಕ್ಕೆ 10 ಮೈಕ್ರಾನ್, ಭುಜದ ಮುಖಕ್ಕೆ 5 ಮೈಕ್ರಾನ್, ಫ್ಯಾನ್ ಕೂರುವ ತುದಿಗೆ 20 ಮೈಕ್ರಾನ್ ಎಂಬುದು ಈ ಅಳತೆಯ ಮೋಟಾರಿಗೆ ನಾನು ಆರಂಭಕ್ಕೆ ಇಡುವ ಮಿತಿಗಳು. ಅಳತೆ ಮಾಡುವಾಗ ಬೇರಿಂಗ್ ಜಾಗಗಳನ್ನು ಎರಡು ವಿ-ಬ್ಲಾಕ್‌ಗಳ ಮೇಲಿಟ್ಟು ತಿರುಗಿಸಬೇಕೆಂದೂ, ಶಾಫ್ಟುಗಳನ್ನು ಒಂದಕ್ಕೊಂದು ತಾಗದಂತೆ ಎಣ್ಣೆ ಸವರಿ ಪ್ರತ್ಯೇಕ ಕೊಳವೆಗಳಲ್ಲಿ ಕಳುಹಿಸಬೇಕೆಂದೂ ಅದೇ ಡ್ರಾಯಿಂಗಿನಲ್ಲಿ ಬರೆಯಿರಿ.